ತುಟಿಯ ಆರೈಕೆಯಲ್ಲಿ ಆಮ್ಲಪ್ರಯೋಗ

ಸಂಸ್ಕೃತ ಕವಿಗಳು ತುಟಿಯನ್ನು ಬಿಂಬಫಲಕ್ಕೆ, ಎಂದರೆ ಮಾಗಿದ ತೊಂಡೆಹಣ್ಣಿಗೆ, ಹೋಲಿಸುವುದು ವಾಡಿಕೆ. ಹೋಲಿಕೆಯು ಬಣ್ಣವನ್ನು ಕುರಿತದ್ದಾದರೂ ಸಿಪ್ಪೆಯ ವಿಷಯದಲ್ಲಿಯೂ ಸಲ್ಲತಕ್ಕದ್ದೇ. ತುಟಿಯ ಚರ್ಮವು ಅತಿ ತೆಳ್ಳಗಿನದು. ಕೆನ್ನೆಯಲ್ಲಿರುವಂತೆ ಬೆವರಿನ ಗ್ರಂಥಿಗಳಾಗಲಿ ಕೂದಲಿನ ಬುಡಗಳಾಗಲಿ ಅಲ್ಲಿಲ್ಲ. ಬಿಸಿಲನ್ನು ತಡೆಯುವ ವರ್ಣದ್ರವ್ಯವೂ ಅಲ್ಪ. ಆದುದರಿಂದಲೇ ಚಳಿಗಾಲದ ಒಣಗಾಳಿಗೆ ಅದು ಬೇಗನೆ ಬಿರಿಯುವುದು.

ಹೀಗೆ ಸಿಪ್ಪೆಯೆದ್ದ ತುಟಿಯನ್ನು ನುಣುಪುಗೊಳಿಸಲು ಆಮ್ಲ ಬೆರೆತ ಲೇಪಗಳು ಈಚೆಗೆ ಅಂಗಡಿಗಳಲ್ಲಿ ದೊರೆಯುತ್ತಿವೆ. ಹೆಸರನ್ನು ಕೇಳಿ ಬೆದರಬೇಕಾದುದಿಲ್ಲ. ಲ್ಯಾಕ್ಟಿಕ್ ಆಮ್ಲವೆಂಬುದು ನಮ್ಮ ಮೊಸರಿನಲ್ಲಿರುವ ಹುಳಿಯೇ. 1780ರಲ್ಲಿ ಸ್ವೀಡನ್ನಿನ ಷೀಲೆ ಎಂಬ ರಸಾಯನಜ್ಞನು ಅದನ್ನು ಹುಳಿತ ಹಾಲಿನಿಂದ ಬೇರ್ಪಡಿಸಿದನು. ಗ್ಲೈಕೋಲಿಕ್ ಆಮ್ಲವು ಕಬ್ಬಿನಲ್ಲುಂಟು. ಚರ್ಮದ ಮೇಲ್ಪದರದಲ್ಲಿ ಸತ್ತ ಕೋಶಗಳನ್ನು ಒಂದಕ್ಕೊಂದು ಹಿಡಿದಿರುವ ಬಂಧವನ್ನು ಇವು ಸಡಿಲಿಸುವುವು. ಆಗ ಸಿಪ್ಪೆಯು ತಾನಾಗಿಯೇ ಕಳಚುವುದು. ಆದರೆ ಮಿತಿ ಮೀರಿದರೆ ಅದೇ ಆಮ್ಲವು ಕೆಳಗಿನ ಜೀವಂತ ಚರ್ಮವನ್ನೂ ಸುಡುವುದು.

ಆದ್ದರಿಂದ ಪ್ರಮಾಣವೇ ಇಲ್ಲಿ ಮುಖ್ಯ. ಅಮೆರಿಕದಲ್ಲಿ ಪ್ರಸಾಧನ ದ್ರವ್ಯಗಳನ್ನು ಪರಿಶೀಲಿಸುವ ತಜ್ಞಮಂಡಲಿಯು, ಮನೆಯಲ್ಲಿ ಬಳಸುವ ಲೇಪಗಳಲ್ಲಿ ಈ ಆಮ್ಲಗಳು ನೂರಕ್ಕೆ 10 ಭಾಗವನ್ನು ಮೀರಬಾರದೆಂದು ಹೇಳಿದೆ. ಅದು ಸಾಮಾನ್ಯ ಚರ್ಮದ ಮಾತು. ತುಟಿಗೆ ಅದಕ್ಕಿಂತಲೂ ಸೌಮ್ಯವಾದುದೇ ಲೇಸು. ಮುಖಕ್ಕೆಂದು ತಂದುದನ್ನು ತುಟಿಗೆ ಹಚ್ಚತಕ್ಕದ್ದಲ್ಲ. ತುಟಿಗೆಂದೇ ಮಾಡಿದುದನ್ನು ಮೊದಲು ಮೊಣಕೈಯ ಒಳಬದಿಗೆ ಸ್ವಲ್ಪ ಸವರಿ ಒಂದು ದಿನ ಕಾದು ನೋಡಬೇಕು. ತುರಿಕೆಯಾಗಲಿ ಕೆಂಪಾಗಲಿ ಕಾಣದಿದ್ದರೆ ವಾರಕ್ಕೊಮ್ಮೆ ರಾತ್ರಿಯಲ್ಲಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಮಾತ್ರ ಹಚ್ಚಿ, ನಾಲಗೆಯಿಂದ ಸವರದೆ, ತೊಳೆದುಬಿಡಬೇಕು. ಉರಿಯೆದ್ದರೆ ಅವಧಿಗೆ ಕಾಯದೆ ಕೂಡಲೇ ತಣ್ಣೀರಿನಿಂದ ತೊಳೆಯುವುದು. ಬಳಿಕ ತುಪ್ಪವನ್ನೋ ವ್ಯಾಸಲೀನನ್ನೋ ಲೇಪಿಸಬೇಕು. ಎಣ್ಣೆತುಪ್ಪಗಳಿಗೂ ಪ್ರೀತಿಗೂ ಸಂಸ್ಕೃತದಲ್ಲಿ 'ಸ್ನೇಹ'ವೆಂಬ ಒಂದೇ ಶಬ್ದವಿರುವುದು. ಬಿರಿದ ತುಟಿಗೆ ಸುಲಿಯುವುದಕ್ಕಿಂತ ಈ ಸ್ನೇಹವೇ ಹೆಚ್ಚು ಅಗತ್ಯ.

ತುಟಿ ಸೀಳಿ ರಕ್ತ ಒಸರುತ್ತಿರುವಾಗ, ಜ್ವರದ ಬೊಕ್ಕೆಗಳೆದ್ದಿರುವಾಗ ಆಮ್ಲವನ್ನು ಮುಟ್ಟಲೇಬಾರದು. ಆಸ್ಪಿರಿನ್ ಒಗ್ಗದವರು ಅದೇ ಜಾತಿಯ ಸ್ಯಾಲಿಸಿಲಿಕ್ ಆಮ್ಲವನ್ನು ಬಿಡತಕ್ಕದ್ದು. ಮೊದಲು ಹೇಳಿದ ಲ್ಯಾಕ್ಟಿಕ್, ಗ್ಲೈಕೋಲಿಕ್ ಆಮ್ಲಗಳನ್ನು ಬಳಸುವ ದಿನಗಳಲ್ಲಿ, ನಿಲ್ಲಿಸಿದ ಮೇಲೆಯೂ ಒಂದು ವಾರದವರೆಗೆ, ಚರ್ಮವು ಬಿಸಿಲಿಗೆ ಬೇಗ ಸುಡುವುದರಿಂದ ಹಗಲಿನಲ್ಲಿ ಬಿಸಿಲನ್ನು ತಡೆಯುವ ತುಟಿಲೇಪವನ್ನು ಹಚ್ಚಬೇಕು; ಕೊಡೆಯನ್ನೂ ಹಿಡಿಯಬಹುದು.

ಪೇಟೆಯ ಲೇಪವೇಕೆ, ಮನೆಯ ನಿಂಬೆಹೋಳಿಗೆ ಸಕ್ಕರೆ ಹಚ್ಚಿ ಉಜ್ಜಿದರೆ ಸಾಲದೇ ಎಂದು ಕೇಳುವವರುಂಟು. ನಿಂಬೆಯ ರಸವು ತೀಕ್ಷ್ಣವಾದ ಆಮ್ಲ; ಅದರ ಅಳತೆ ನಮ್ಮ ಕೈಯಲ್ಲಿಲ್ಲ. ನಿಂಬೆ ಸೋಕಿದ ಚರ್ಮಕ್ಕೆ ಬಿಸಿಲು ತಗಲಿದರೆ ಬೊಬ್ಬೆಯೆದ್ದು ಕಪ್ಪು ಕಲೆ ನಿಲ್ಲುವುದೂ ಉಂಟು. ತುಟಿಯ ಕಪ್ಪನ್ನು ಕಳೆಯಹೋಗಿ ಹೆಣ್ಣುಮಕ್ಕಳು ಹೊಸ ಕಪ್ಪನ್ನು ತಂದುಕೊಳ್ಳಬಾರದು.

ಕಡೆಯದಾಗಿ, ಮನೆಯ ಹಿರಿಯರೆಲ್ಲರೂ ನೆನಪಿಡಬೇಕಾದ ಮಾತೊಂದಿದೆ. ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿಯ ಮಚ್ಚೆ ಅಥವಾ ಗಡುಸಾದ ಗಂಟು ತುಟಿಯಲ್ಲಿ ಕಂಡರೆ, ವಿಶೇಷವಾಗಿ ಬಿಸಿಲಿನಲ್ಲಿ ದುಡಿಯುವವರಲ್ಲಿಯೂ ಹೊಗೆಸೊಪ್ಪಿನ ಅಭ್ಯಾಸವುಳ್ಳವರಲ್ಲಿಯೂ, ಅದು ಅರ್ಬುದರೋಗದ ಆರಂಭವಾಗಿರಬಹುದು. ಅದಕ್ಕೆ ಲೇಪ ಹಚ್ಚುತ್ತ ದಿನ ಕಳೆಯದೆ, ವೈದ್ಯರಿಗೆ ತೋರಿಸುವುದೇ ಸರಿಯಾದ ಮಾರ್ಗ.