ನೋಡಬಾರದ ಹೊಡೆತ

ಸಿಡ್ನಿಯ ಆ ಹಳೇ ಫಿಲ್ಮು ಈಗ ಮೊಬೈಲಿನಲ್ಲೇ ಸಿಗುತ್ತದೆ. ಗೀರು ಬಿದ್ದು ಮಾಸಿದ ಚಿತ್ರ. ಗಿಡ್ಡನೆಯ ಬಿಳಿಯನೊಬ್ಬ ತನಗಿಂತ ಎತ್ತರದ ಕಪ್ಪು ಆಳಿನ ಮೇಲೆ ನುಗ್ಗುತ್ತಾನೆ, ಗುದ್ದು ತಿಂದು ಹಿಂದೆ ಸರಿಯುತ್ತಾನೆ, ಮತ್ತೆ ನುಗ್ಗುತ್ತಾನೆ. ಎತ್ತರದವನಿಗೆ ಯಾವ ಆತುರವೂ ಇಲ್ಲ. ಕೊನೆಗೆ ಬಿಳಿಯ ತೂರಾಡತೊಡಗುತ್ತಾನೆ. ಇನ್ನೇನು ಬಿದ್ದ ಅನ್ನುವಷ್ಟರಲ್ಲಿ ಚಿತ್ರವೇ ನಿಂತುಹೋಗುತ್ತದೆ. ಮೊದಲ ಸಲ ನೋಡಿದಾಗ ನೆಟ್ ಕೈಕೊಟ್ಟಿತು ಅಂದುಕೊಂಡು ಮತ್ತೆ ಹಾಕಿದೆ. ಮತ್ತೆ ಅಲ್ಲೇ ನಿಂತಿತು.

ನೆಟ್ಟಿನ ತಪ್ಪೇನೂ ಇರಲಿಲ್ಲ. 1908ರ ಡಿಸೆಂಬರ್ 26ರಂದು, ಸಿಡ್ನಿಯ ರಷ್‌ಕಟರ್ಸ್ ಬೇ ಮೈದಾನದಲ್ಲಿ, ಸುಮಾರು 20,000 ಜನರ ಎದುರು, ವಿಶ್ವ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಟಾಮಿ ಬರ್ನ್ಸ್ 14ನೇ ಸುತ್ತಿನಲ್ಲಿ ನಿಲ್ಲಲಾರದೆ ಹೋದಾಗ ಪೊಲೀಸರು ನಡುವೆ ಬಂದು ಪಂದ್ಯ ನಿಲ್ಲಿಸಿದರು. ಜತೆಗೆ ಕ್ಯಾಮೆರಾವನ್ನೂ ನಿಲ್ಲಿಸಿದರು. ಪಟ್ಟ ಜಾಕ್ ಜಾನ್ಸನ್‌ಗೆ ಹೋಯಿತು. ಹೆವಿವೇಟ್ ಪಟ್ಟ ಕಪ್ಪು ವರ್ಣೀಯನೊಬ್ಬನ ಕೈಗೆ ಬಂದದ್ದು ಅದೇ ಮೊದಲು. ಆದರೆ ಬಿಳಿಯನೊಬ್ಬ ಅವನ ಕಾಲಬುಡದಲ್ಲಿ ಬಿದ್ದಿರುವುದನ್ನು ಲೋಕ ನೋಡುವುದು ಬೇಡವಾಗಿತ್ತು. ಜಾನ್ಸನ್ ಯಾರನ್ನು ಎಷ್ಟನೇ ಸುತ್ತಿನಲ್ಲಿ ಕೆಡವಿದ ಅನ್ನುವ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ನನ್ನನ್ನು ಕಾಡಿದ್ದು, ಆ ಬೀಳುವಿಕೆಯನ್ನು ಮರೆಮಾಡಲು ಪೊಲೀಸರು, ಗವರ್ನರುಗಳು, ಸಂಸತ್ತುಗಳು ಪಟ್ಟ ಪಾಡು.

ಜಾನ್ಸನ್ ಹುಟ್ಟಿದ್ದು 1878ರಲ್ಲಿ, ಟೆಕ್ಸಾಸಿನ ಗ್ಯಾಲ್ವೆಸ್ಟನ್ ಎಂಬ ಬಂದರಿನಲ್ಲಿ. ಅಪ್ಪ, ಅವ್ವ ಇಬ್ಬರೂ ಗುಲಾಮರಾಗಿದ್ದವರು. ಅಪ್ಪ ಹೆನ್ರಿ ಶಾಲೆಯೊಂದರಲ್ಲಿ ಕಸ ಗುಡಿಸಿ ಒಂಬತ್ತು ಮಕ್ಕಳ ಸಂಸಾರ ಸಾಕಿದ. ಹುಡುಗ ನಾಲ್ಕಾರು ವರ್ಷ ಶಾಲೆಗೆ ಹೋಗಿ, ಆಮೇಲೆ ಹಡಗುಕಟ್ಟೆಯಲ್ಲಿ ಹಮಾಲಿ ಮಾಡಿದ. ಬಂದರಿನ ಬಡವರ ಕೇರಿಯಲ್ಲಿ ಬಿಳಿ ಹುಡುಗರ ಜತೆಗೇ ಆಡಿ, ಅವರ ಮನೆಗಳಲ್ಲೇ ಉಂಡು ಬೆಳೆದದ್ದರಿಂದ ಬಿಳಿಯರು ತನಗಿಂತ ಮೇಲು ಎಂದು ತನಗೆ ಯಾರೂ ಕಲಿಸಲೇ ಇಲ್ಲ ಎಂದು ಮುಂದೆ ಹೇಳಿಕೊಂಡ. ಟೆಕ್ಸಾಸಿನಲ್ಲಿ ಅದನ್ನು ಕಲಿಯದೆ ಬೆಳೆದ ಕಪ್ಪು ಹುಡುಗ ಬದುಕಿ ಉಳಿದದ್ದೇ ಹೆಚ್ಚು.

ಅವನ ನಿಜವಾದ ಗರಡಿಮನೆ ಒಂದು ಜೈಲು. 1900ರ ಸೆಪ್ಟೆಂಬರಿನ ಚಂಡಮಾರುತ ಗ್ಯಾಲ್ವೆಸ್ಟನ್ನಿನ ಸಾವಿರಾರು ಜನರನ್ನು ನುಂಗಿತು, ಜಾನ್ಸನ್ ಮನೆಯೂ ಕೊಚ್ಚಿಹೋಯಿತು. ಐದಾರು ತಿಂಗಳಲ್ಲೇ, 1901ರ ಫೆಬ್ರುವರಿಯಲ್ಲಿ, ಜೋ ಚೊಯಿನ್ಸ್ಕಿ ಎಂಬ ಪಳಗಿದ ಯಹೂದಿ ಬಾಕ್ಸರ್ ಅದೇ ಊರಿಗೆ ಬಂದು ಜಾನ್ಸನ್‌ನನ್ನು ಮೂರನೇ ಸುತ್ತಿನಲ್ಲೇ ನೆಲಕ್ಕೆ ಕೆಡವಿದ. ಹಣ ಕಟ್ಟಿ ಗುದ್ದಾಡುವುದು ಆಗ ಟೆಕ್ಸಾಸಿನಲ್ಲಿ ಅಪರಾಧವಾಗಿತ್ತು. ಗೆದ್ದವನನ್ನೂ ಸೋತವನನ್ನೂ ಒಟ್ಟಿಗೇ ಒಳಗೆ ಹಾಕಿದರು. ಮೂರು ವಾರಕ್ಕೂ ಮಿಕ್ಕಿ ಇಬ್ಬರೂ ಅಲ್ಲಿ ಕೈಗೆ ಗ್ಲೌಸ್ ಹಾಕಿಕೊಂಡು ತಾಲೀಮು ಮಾಡಿದರು. ಮೈಮೇಲೆ ಏಟು ಬೀಳುವ ಮೊದಲೇ ಅದನ್ನು ಅಂಗೈಯಲ್ಲಿ ಹಿಡಿದುಬಿಡುವುದು, ಎದುರಾಳಿಯ ತೋಳಿಗೆ ತೋಳು ಕೊಟ್ಟು ಅವನ ಬಲವನ್ನು ಅಲ್ಲೇ ಕಟ್ಟಿಹಾಕುವುದು, ಅವನು ದಣಿಯುವವರೆಗೂ ಕಾಯುವುದು. ಈ ವರಸೆಗಳನ್ನು ಜಾನ್ಸನ್ ಅಲ್ಲಿ ಮೈಗೂಡಿಸಿಕೊಂಡ. ಹಳೆಯ ಫಿಲ್ಮುಗಳಲ್ಲಿ ನೋಡಿ: ಎದುರಿನವನ ಗುದ್ದು ಹೊರಡುವ ಹೊತ್ತಿಗೆ ಅವನ ಕೈ ಅಲ್ಲಿಗೆ ಹೋಗಿ ಕಾದಿರುತ್ತದೆ, ಚೆಂಡು ಹಿಡಿಯುವವನ ಹಾಗೆ. ನಡುವೆ ಬಾಯಿಗೂ ಬಿಡುವಿಲ್ಲ. ಎದುರಾಳಿಯ ಜತೆ, ಅವನ ಕಡೆಯವರ ಜತೆ, ಹಗ್ಗದಾಚೆ ಕೂತ ಪತ್ರಕರ್ತರ ಜತೆ ಮಾತು. ಆಗಾಗ ಚಿನ್ನದ ಹಲ್ಲು ಹೊಳೆಯುವಂಥ ನಗು.

1903ರಲ್ಲಿ ಡೆನ್ವರ್ ಎಡ್ ಮಾರ್ಟಿನ್‌ನನ್ನು ಸೋಲಿಸಿ 'ಕಪ್ಪು ಜನರ ಹೆವಿವೇಟ್ ಪಟ್ಟ' ಗೆದ್ದ. ಪಂಕ್ತಿಭೇದ ಪಟ್ಟಕ್ಕೂ ಇತ್ತು: ಕಪ್ಪು ಜನರಿಗೊಂದು, ಉಳಿದದ್ದೆಲ್ಲ ಬಿಳಿಯರಿಗೆ. ಆಗಿನ ವಿಶ್ವ ಚಾಂಪಿಯನ್ ಜಿಮ್ ಜೆಫ್ರೀಸ್ ಕಪ್ಪು ವರ್ಣೀಯರ ಜತೆ ಪಟ್ಟಕ್ಕಾಗಿ ಆಡುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ, 1905ರಲ್ಲಿ ಸೋಲಿಲ್ಲದ ಸರದಾರನಾಗಿ ನಿವೃತ್ತನಾದ. ಪಟ್ಟ ಕೈ ಬದಲಿಸಿ ಬರ್ನ್ಸ್ ಬಳಿ ಬಂತು. ಅವನ ಬೆನ್ನುಹತ್ತಿ ಜಾನ್ಸನ್ ಇಂಗ್ಲೆಂಡಿಗೆ ಹೋದ, ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋದ. ಕೊನೆಗೆ ಹ್ಯೂ ಮೆಕಿಂಟಾಷ್ ಎಂಬ ಆಯೋಜಕ ಬರ್ನ್ಸ್‌ಗೆ 30,000 ಡಾಲರ್ ಕೊಡುತ್ತೇನೆಂದಾಗ ಅವನ ಮನಸ್ಸು ಕರಗಿತು. ಜಾನ್ಸನ್ ಪಾಲಿಗೆ ಬಂದದ್ದು 5,000.

ಸಿಡ್ನಿಯ ರಿಂಗಿನ ಪಕ್ಕ ಕೂತು ವರದಿ ಬರೆದವರಲ್ಲಿ ಕಾದಂಬರಿಕಾರ ಜಾಕ್ ಲಂಡನ್ ಇದ್ದ. ಜಾನ್ಸನ್ ಕೈಚಳಕವನ್ನು ಒಪ್ಪಿಕೊಂಡೇ, ಹೊಲ ನೋಡಿಕೊಂಡಿದ್ದ ಜೆಫ್ರೀಸ್ ಹೊರಬಂದು ಆ ಮುಖದ ಮೇಲಿನ ನಗುವನ್ನು ಅಳಿಸಿಹಾಕಬೇಕು ಎಂದು ಕರೆಕೊಟ್ಟ. ಸಮಾಜವಾದಿ ಎನಿಸಿಕೊಂಡವನು, ದುಡಿಯುವವರ ಪರ ಬರೆದವನು ಅವನು. ಜಾನ್ಸನ್ ಗೆಲುವಿಗಿಂತ ನಗುವೇ ಅವನಿಗೂ ಹೆಚ್ಚು ಚುಚ್ಚಿತ್ತು.

ಪತ್ರಿಕೆಗಳು 'ಬಿಳಿಯರ ಭರವಸೆ'ಯ ಹುಡುಕಾಟಕ್ಕೆ ಬಿದ್ದವು. 1909ರಲ್ಲಿ ಮಿಡಲ್‌ವೇಟ್ ಚಾಂಪಿಯನ್ ಸ್ಟ್ಯಾನ್ಲಿ ಕೆಚೆಲ್ 12ನೇ ಸುತ್ತಿನಲ್ಲಿ ಜಾನ್ಸನ್‌ನನ್ನು ನೆಲಕ್ಕೆ ಬೀಳಿಸಿಯೇಬಿಟ್ಟ. ಜಾನ್ಸನ್ ಎದ್ದ, ಒಂದೇ ಸಲ ಹೊಡೆದ, ಆಟ ಮುಗಿಯಿತು. ಕೆಚೆಲ್‌ನ ಹಲ್ಲುಗಳು ಜಾನ್ಸನ್ ಗ್ಲೌಸಿಗೆ ಚುಚ್ಚಿಕೊಂಡಿದ್ದವು. ಇನ್ನು ಉಳಿದದ್ದು ಜೆಫ್ರೀಸ್ ಒಬ್ಬನೇ. ಐದು ವರ್ಷ ಕೂತು ತಿಂದು 300 ಪೌಂಡ್ ದಾಟಿದ್ದ ಆತ ಬೆವರು ಹರಿಸಿ ಸುಮಾರು ನೂರು ಪೌಂಡ್ ಇಳಿಸಿದ. ಬಿಳಿಯನೇ ಮೇಲು ಎಂದು ತೋರಿಸುವುದಕ್ಕಾಗಿಯೇ ಕಣಕ್ಕಿಳಿಯುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿದ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನಡೆಯಬೇಕಿದ್ದ ಪಂದ್ಯವನ್ನು ಕ್ಯಾಲಿಫೋರ್ನಿಯಾದ ಗವರ್ನರ್ ತಡೆದದ್ದರಿಂದ ಅದು ನೆವಾಡಾದ ರೀನೊ ಎಂಬ ಪುಟ್ಟ ಊರಿನ ಪಾಲಾಯಿತು. ದಿನ 1910ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಪಣ 1,01,000 ಡಾಲರ್. ಪಂದ್ಯ 45 ಸುತ್ತಿನದು.

ಬಿಸಿಲು ಸುಡುತ್ತಿತ್ತು. ಜೆಫ್ರೀಸ್ ಕಡೆಯ ಮೂಲೆಯಲ್ಲಿ ನಿಂತ ಹಳೆಯ ಚಾಂಪಿಯನ್ ಜಿಮ್ ಕಾರ್ಬೆಟ್ ಕೆರಳಿಸಲೆಂದೇ ಬೈಯುತ್ತಿದ್ದ. ಜಾನ್ಸನ್ ಅವನಿಗೂ ನಗುನಗುತ್ತ ಉತ್ತರ ಕೊಡುತ್ತ ಜೆಫ್ರೀಸ್ ಮುಖವನ್ನು ಸುತ್ತಿನಿಂದ ಸುತ್ತಿಗೆ ಊದಿಸುತ್ತ ಹೋದ. 15ನೇ ಸುತ್ತಿನಲ್ಲಿ, ಅಲ್ಲಿಯವರೆಗೆ ಯಾವ ಪಂದ್ಯದಲ್ಲೂ ನೆಲ ಕಾಣದಿದ್ದ ಜೆಫ್ರೀಸ್ ಬಿದ್ದ. ಎದ್ದ, ಮತ್ತೆ ಬಿದ್ದ. ಹಗ್ಗದ ಆಚೆ ಜೋತವನನ್ನು ಅವನ ಕಡೆಯವರು ಎತ್ತಿ ನಿಲ್ಲಿಸಿದರು. ಮೂರನೇ ಸಲ ಬಿದ್ದಾಗ ಅವರೇ ಒಳಗೆ ನುಗ್ಗಿದರು. ತನ್ನ ಒಳ್ಳೆಯ ಕಾಲದಲ್ಲೂ ಈ ಮನುಷ್ಯನನ್ನು ಸೋಲಿಸಲು ತನ್ನಿಂದ ಆಗುತ್ತಿರಲಿಲ್ಲ ಎಂದು ಜೆಫ್ರೀಸ್ ಆಮೇಲೆ ಒಪ್ಪಿಕೊಂಡ. ಅಷ್ಟರಮಟ್ಟಿಗೆ ಅವನು ಜಾಕ್ ಲಂಡನ್‌ಗಿಂತ ದೊಡ್ಡವನು.

ಷಿಕಾಗೊದ ಪೆಕಿನ್ ಥಿಯೇಟರಿನಲ್ಲಿ ಕೂತು ತಂತಿಯ ಸುದ್ದಿಗೆ ಕಿವಿಗೊಟ್ಟಿದ್ದ ಜಾನ್ಸನ್ ಅವ್ವನಿಗೆ ಅದು ಹಬ್ಬದ ದಿನ. ನ್ಯೂ ಆರ್ಲಿಯನ್ಸ್‌ನಲ್ಲಿ ಮಾರುವ ಪೇಪರುಗಳನ್ನು ತರಲು ಹೊರಟಿದ್ದ ಪುಟ್ಟ ಹುಡುಗನೊಬ್ಬನಿಗೆ ಎದುರಿನಿಂದ ಕಪ್ಪು ಹುಡುಗರ ಗುಂಪು ಓಡಿಬರುವುದು ಕಂಡಿತು. ಏನಾಯಿತೆಂದು ಕೇಳಿದ. ಜಾನ್ಸನ್ ಜೆಫ್ರೀಸ್‌ನನ್ನು ಕೆಡವಿದ್ದಾನೆ, ಬಿಳಿ ಹುಡುಗರ ಸಿಟ್ಟೆಲ್ಲ ಈಗ ನಮ್ಮ ಮೇಲೆ, ನೀನೂ ಓಡು ಎಂದರು. ಹುಡುಗ ಓಡಿದ. ಅವನ ಹೆಸರು ಲೂಯಿ ಆರ್ಮ್‌ಸ್ಟ್ರಾಂಗ್. ಮುಂದೆ ಜಾಝ್ ಲೋಕದ ದೊರೆಯಾದ ಮೇಲೆ ಆತ್ಮಕಥೆಯಲ್ಲಿ ಈ ಓಟವನ್ನು ನೆನೆದಿದ್ದಾನೆ. ಓಡಲಾಗದವರು ಬಹಳ ಜನ ಇದ್ದರು. ಅಂದು ಹತ್ತಾರು ಊರುಗಳಲ್ಲಿ ಗಲಭೆ ಎದ್ದಿತು, ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನ.

ರೀನೊದ ಕ್ಯಾಮೆರಾಗಳನ್ನು ಯಾರೂ ನಿಲ್ಲಿಸಿರಲಿಲ್ಲ. ಗೆಲ್ಲುವವನು ಜೆಫ್ರೀಸ್ ಎಂಬ ನಂಬಿಕೆಯಲ್ಲಿ ಕೊನೆಯವರೆಗೂ ಚಿತ್ರ ತೆಗೆದಿದ್ದರು. ಈಗ ಆ ರೀಲನ್ನು ಏನು ಮಾಡುವುದು? ಗಲಭೆಯ ನೆಪ ಸಿಕ್ಕಿತು. ಊರೂರುಗಳಲ್ಲಿ, ರಾಜ್ಯ ರಾಜ್ಯಗಳಲ್ಲಿ ಪ್ರದರ್ಶನಕ್ಕೆ ತಡೆ ಬಂತು. ಶ್ವೇತಭವನದಲ್ಲೇ ಬಾಕ್ಸಿಂಗ್ ಆಡಿ ಒಂದು ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡಿದ್ದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೂ ದಿಢೀರನೆ ಇಂಥ ಪಂದ್ಯ, ಇಂಥ ಫಿಲ್ಮು ಎರಡೂ ಬೇಡವಾದವು. 1912ರಲ್ಲಿ ಅಮೆರಿಕದ ಸಂಸತ್ತು ಬಾಕ್ಸಿಂಗ್ ಪಂದ್ಯದ ಫಿಲ್ಮುಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನೂ ಹೊರದೇಶದಿಂದ ತರುವುದನ್ನೂ ಅಪರಾಧ ಮಾಡಿತು. ಕಾಯ್ದೆಯಲ್ಲಿ ಜಾನ್ಸನ್ ಹೆಸರಿರಲಿಲ್ಲ. ಯಾರಿಗಾಗಿ ಬರೆದದ್ದೆಂದು ಯಾರಿಗೂ ಹೇಳಬೇಕಾಗಿಯೂ ಇರಲಿಲ್ಲ.

ಬ್ರಿಟಿಷರ ಕಥೆಯೂ ಬೇರೆಯಲ್ಲ. 1911ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಬಾಂಬಾರ್ಡಿಯರ್ ಬಿಲ್ಲಿ ವೆಲ್ಸ್ ಜತೆ ಜಾನ್ಸನ್ ಪಂದ್ಯ ನಿಗದಿಯಾಗಿತ್ತು. ವೆಲ್ಸ್ ನಮ್ಮ ನೆಲದಲ್ಲೇ ಬ್ರಿಟಿಷ್ ಫಿರಂಗಿ ಪಡೆಯಲ್ಲಿದ್ದು, ಇಲ್ಲೇ ಬಾಕ್ಸಿಂಗಿನಲ್ಲಿ ಹೆಸರು ಮಾಡಿ ಹೋದವನು. ಸಾಮ್ರಾಜ್ಯದ ಸೈನಿಕನೊಬ್ಬ ಕಪ್ಪು ಮನುಷ್ಯನ ಕೈಯಲ್ಲಿ ಏಟು ತಿಂದ ಸುದ್ದಿ ಹಬ್ಬಿದರೆ ವಸಾಹತುಗಳ ಜನ ಏನಂದುಕೊಂಡಾರು ಎಂಬ ಅಳುಕು ಅಲ್ಲಿನ ಚರ್ಚೆಯಲ್ಲಿ ಮುಚ್ಚುಮರೆಯಿಲ್ಲದೆ ಕೇಳಿಬಂತು. ಗೃಹಮಂತ್ರಿ ವಿನ್‌ಸ್ಟನ್ ಚರ್ಚಿಲ್ ಪಂದ್ಯ ಕಾನೂನುಬಾಹಿರ ಎಂದ. ಪಂದ್ಯ ನಡೆಯಲಿಲ್ಲ. ಹಿಂದಿನ ವರ್ಷವಷ್ಟೇ ಅದೇ ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನನ ಎದುರು ಪೋಲೆಂಡಿನ ಕುಸ್ತಿಪಟು ಜ್ಬಿಸ್ಕೊ ಎರಡು ಗಂಟೆಗೂ ಹೆಚ್ಚು ಹೊತ್ತು ನೆಲ ಕಚ್ಚಿ ಮಲಗಿದ್ದು, ಮರುಪಂದ್ಯಕ್ಕೆ ಮುಖವನ್ನೇ ತೋರಿಸಿರಲಿಲ್ಲ. ಅಳುಕಿಗೆ ಕಾರಣವಿತ್ತು ಅನ್ನಿ. ಇದೇ ವೆಲ್ಸ್ ಮುಂದೆ ಬ್ರಿಟನ್ನಿನ ರ‍್ಯಾಂಕ್ ಸಂಸ್ಥೆಯ ಸಿನಿಮಾಗಳ ಶುರುವಿನಲ್ಲಿ ದೊಡ್ಡ ಜಾಗಟೆ ಬಾರಿಸುವ ಜಟ್ಟಿಯಾದ. ಪರದೆಯ ಮೇಲೆ ಅವನಿಗೆ ತಡೆಯಿರಲಿಲ್ಲ.

ರಿಂಗಿನಲ್ಲಿ ಬಗ್ಗದವನನ್ನು ಹಾಸಿಗೆಯ ವಿಷಯ ಹಿಡಿದು ಬಗ್ಗಿಸಿದರು. ಜಾನ್ಸನ್ ಬಿಳಿ ಹೆಂಗಸರ ಜತೆ ಬಹಿರಂಗವಾಗಿ ಓಡಾಡಿದ, ಅವರನ್ನು ಮದುವೆಯಾದ. ವೇಗದ ಕಾರು, ಒಳ್ಳೆಯ ಸೂಟು, ಷಿಕಾಗೊದಲ್ಲಿ ಸ್ವಂತದ್ದೊಂದು ಕ್ಲಬ್ಬು. ಮೊದಲ ಬಿಳಿ ಹೆಂಡತಿ ಎಟ್ಟಾ 1912ರ ಸೆಪ್ಟೆಂಬರಿನಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಆತ ಹೆಂಡತಿಗೆ ನಿಷ್ಠನಾಗಿರಲಿಲ್ಲ, ಅವಳ ಮೇಲೆ ಕೈ ಮಾಡಿದ್ದ. ನಾಯಕನ ಕಥೆ ಹೇಳುವ ಉತ್ಸಾಹದಲ್ಲಿ ಇದನ್ನು ನುಂಗಿಬಿಡುವುದು ಸರಿಯಲ್ಲ. ಆದರೆ ಸರ್ಕಾರ ಅವನ ಬೆನ್ನುಹತ್ತಿದ್ದು ಎಟ್ಟಾಳ ಕಣ್ಣೀರಿಗಾಗಿ ಅಲ್ಲ. ಹೆಂಗಸರನ್ನು ಸೂಳೆಗಾರಿಕೆಗೆ ಸಾಗಿಸುವವರನ್ನು ಹಿಡಿಯಲು 1910ರಲ್ಲಿ ಬಂದ ಮ್ಯಾನ್ ಕಾಯ್ದೆ ಕೈಗೆ ಸಿಕ್ಕಿತು. ಲೂಸಿಲ್ ಕ್ಯಾಮೆರಾನ್ ಎಂಬ ಯುವತಿಯ ತಾಯಿ ಮಗಳನ್ನು ಅಪಹರಿಸಿದ್ದಾನೆಂದು ದೂರು ಕೊಟ್ಟಳು. ಮಗಳು ಅವನ ವಿರುದ್ಧ ಬಾಯಿ ಬಿಡಲಿಲ್ಲ, ಆ ಡಿಸೆಂಬರಿನಲ್ಲಿ ಅವನನ್ನೇ ಮದುವೆಯಾದಳು. ಅದೇ ತಿಂಗಳು ಜಾರ್ಜಿಯಾದ ಸಂಸದನೊಬ್ಬ ಕಪ್ಪು ಬಿಳಿಯರ ಮದುವೆಯನ್ನು ದೇಶದ ಉದ್ದಗಲಕ್ಕೂ ನಿಷೇಧಿಸಲು ಸಂವಿಧಾನವನ್ನೇ ತಿದ್ದಬೇಕೆಂದ. ಕೊನೆಗೆ ಬೆಲ್ ಶ್ರೈಬರ್ ಎಂಬ ಹಳೆಯ ಗೆಳತಿಯನ್ನು ಹುಡುಕಿ ತಂದು ಸಾಕ್ಷಿ ಹೇಳಿಸಿದರು. 1913ರ ಜೂನಿನಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ ತಪ್ಪಿತಸ್ಥ ಎಂದಿತು. ಒಂದು ವರ್ಷ ಒಂದು ದಿನದ ಶಿಕ್ಷೆ. ಜಾನ್ಸನ್ ಕೆನಡಾ ದಾರಿಯಾಗಿ ಯುರೋಪಿಗೆ ಪರಾರಿಯಾದ. ಅಮೆರಿಕದ ಅಧ್ಯಕ್ಷರ ಕ್ಷಮಾದಾನ ಬಂದದ್ದು 2018ರ ಮೇ 24ರಂದು. ತೀರ್ಪಿಗೂ ಅದಕ್ಕೂ 105 ವರ್ಷಗಳ ಅಂತರ.

ಇನ್ನೊಂದು ಕಹಿ ಮಾತನ್ನೂ ಹೇಳಬೇಕು. ಪಟ್ಟ ಸಿಕ್ಕ ಮೇಲೆ ಜಾನ್ಸನ್ ತಾನೇ ಗೆರೆ ಎಳೆದ. ಸ್ಯಾಮ್ ಲ್ಯಾಂಗ್‌ಫರ್ಡ್, ಜೋ ಜೆನೆಟ್‌ರಂಥ ಕಪ್ಪು ಬಾಕ್ಸರುಗಳಿಗೆ ಪಟ್ಟದ ಪಂದ್ಯ ಕೊಡಲೇ ಇಲ್ಲ. ಆರು ವರ್ಷಕ್ಕೂ ಮಿಕ್ಕಿ ಪಟ್ಟ ಇಟ್ಟುಕೊಂಡವನು ಕಪ್ಪು ಬಾಕ್ಸರುಗಳ ಪೈಕಿ ಅದಕ್ಕಾಗಿ ಆಡಿದ್ದು ಜಿಮ್ ಜಾನ್ಸನ್ ಎಂಬ ಒಬ್ಬನ ಜತೆ, ಅದೂ ಪ್ಯಾರಿಸ್ಸಿನಲ್ಲಿ. ಟಿಕೆಟ್ ಮಾರಾಟವಾಗುವುದು ಎದುರಿಗೆ ಬಿಳಿಯನಿದ್ದರೆ ಎಂಬ ಲೆಕ್ಕ ಅವನದು. ತನ್ನನ್ನು ವರ್ಷಗಟ್ಟಲೆ ಹೊರಗಿಟ್ಟ ಬಾಗಿಲನ್ನು ಒಳಗೆ ಬಂದು ಅವನೇ ಚಿಲಕ ಹಾಕಿಕೊಂಡ.

1915ರ ಏಪ್ರಿಲ್ 5, ಹವಾನಾ. ಆರೂವರೆ ಅಡಿಯ ಜೆಸ್ ವಿಲ್ಲಾರ್ಡ್ 26ನೇ ಸುತ್ತಿನಲ್ಲಿ 37ರ ಜಾನ್ಸನ್‌ನನ್ನು ಕೆಡವಿದ. ಅಂಗಾತ ಬಿದ್ದ ಜಾನ್ಸನ್, ಬಿಸಿಲಿಗೆ ಅಡ್ಡ ಹಿಡಿದಂತೆ ಕಣ್ಣಿನ ಮೇಲೆ ತೋಳು. ಆ ಒಂದು ಫೋಟೊ ಮನೆಮಾತಾಯಿತು. ಬೇಕೆಂದೇ ಸೋತೆ ಎಂದು ಜಾನ್ಸನ್ ಆಮೇಲೆ ಹೇಳಿಕೊಂಡ, ನಂಬಿದವರು ಕಡಿಮೆ. ತಮಾಷೆ ಇರುವುದು ಮುಂದೆ. ಬಿಳಿಯನೊಬ್ಬ ಗೆದ್ದ ಫಿಲ್ಮು ಕೊನೆಗೂ ಕೈಯಲ್ಲಿದೆ, ಅಮೆರಿಕದೊಳಗೆ ತರುವಂತಿಲ್ಲ! 1912ರ ಕಾಯ್ದೆ ಗೆದ್ದವನ ಬಣ್ಣ ಕೇಳುತ್ತಿರಲಿಲ್ಲ. ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋಗಿ ಸೋತರು. ಆಮೇಲೆ 1916ರಲ್ಲಿ ನ್ಯೂಯಾರ್ಕ್ ರಾಜ್ಯದ ರೌಸಸ್ ಪಾಯಿಂಟ್ ಎಂಬಲ್ಲಿ ಕೆನಡಾ ಗಡಿಯ ಆಚೆ ಫಿಲ್ಮಿಗೆ ಬೆಳಕು ಬಿಟ್ಟು, ಈಚೆ ಕ್ಯಾಮೆರಾ ಇಟ್ಟು, ಬೆಳಕಿನ ಮೂಲಕವೇ ಚಿತ್ರವನ್ನು ಗಡಿ ದಾಟಿಸಲು ನೋಡಿದರು. ಫಿಲ್ಮು ದಾಟಿಲ್ಲ, ಬೆಳಕಷ್ಟೇ ದಾಟಿದೆ ಎಂಬುದು ಅವರ ವಾದ. ಅದನ್ನೂ ನ್ಯಾಯಾಲಯ ಒಪ್ಪಲಿಲ್ಲ.

1920ರಲ್ಲಿ ಜಾನ್ಸನ್ ಮೆಕ್ಸಿಕೊ ಗಡಿಯಲ್ಲಿ ಶರಣಾಗಿ, ಲೆವೆನ್‌ವರ್ತ್ ಜೈಲಿನಲ್ಲಿ ಶಿಕ್ಷೆ ಮುಗಿಸಿ ಬಂದ. 1922ರಲ್ಲಿ ಸುಧಾರಿತ ಪಾನಾ ಒಂದಕ್ಕೆ ಪೇಟೆಂಟ್ ಪಡೆದ. ಅವನ ನಂತರ 22 ವರ್ಷ ಹೆವಿವೇಟ್ ಪಟ್ಟದ ಪಂದ್ಯಕ್ಕೆ ಒಬ್ಬ ಕಪ್ಪು ಬಾಕ್ಸರನ್ನೂ ಬಿಟ್ಟುಕೊಳ್ಳಲಿಲ್ಲ. 1937ರಲ್ಲಿ ಆ ಬಾಗಿಲು ತೆರೆಸಿದ ಜೋ ಲೂಯಿಗೆ ಅವನ ಮ್ಯಾನೇಜರುಗಳು ಕಟ್ಟಳೆ ಹಾಕಿದ್ದರು: ಬಿಳಿ ಹೆಂಗಸಿನ ಜತೆ ಫೋಟೊ ತೆಗೆಸಿಕೊಳ್ಳಕೂಡದು, ಬಿದ್ದ ಬಿಳಿಯನ ಮುಂದೆ ಬೀಗಕೂಡದು. ಅಂದರೆ ಜಾನ್ಸನ್ ಆಗಕೂಡದು. ಮುದುಕ ಜಾನ್ಸನ್‌ಗೆ ಇದು ಉರಿಯದೆ ಇರುತ್ತದೆಯೇ? 1936ರಲ್ಲಿ ಲೂಯಿಯ ವಿರುದ್ಧ ಜರ್ಮನಿಯ ಷ್ಮೆಲಿಂಗ್ ಮೇಲೆ ಬಾಜಿ ಕಟ್ಟಿ ಗೆದ್ದು, ಹಾರ್ಲೆಮ್ಮಿನ ಜನರಿಂದ ಛೀಮಾರಿ ಹಾಕಿಸಿಕೊಂಡ.

ಆ ದಿನಗಳಲ್ಲಿ ಆತ ನ್ಯೂಯಾರ್ಕಿನ 42ನೇ ಬೀದಿಯ ಹ್ಯೂಬರ್ಟ್ಸ್ ಮ್ಯೂಸಿಯಂ ಎಂಬ ಜಾದೂ, ಚಿಗಟ ಸರ್ಕಸ್ಸುಗಳ ನೆಲಮಾಳಿಗೆಯಲ್ಲಿ ಕಾಣಸಿಗುತ್ತಿದ್ದ. ತಲೆಗೊಂದು ಬೆರೆ ಟೊಪ್ಪಿ. ಚಿಲ್ಲರೆ ಕಾಸು ಕೊಟ್ಟು ಬಂದವರಿಗೆ ಹಳೆಯ ಪಂದ್ಯಗಳ ಕಥೆ ಹೇಳಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಕೆಲಸ. ಅವನ ಫಿಲ್ಮು ನೋಡಬಾರದೆಂದಿದ್ದ ದೇಶ ಈಗ ಅವನನ್ನೇ ಟಿಕೆಟ್ ಕೊಟ್ಟು ನೋಡುತ್ತಿತ್ತು. 1940ರಲ್ಲಿ ಫಿಲ್ಮು ಕಾಯ್ದೆಯೂ ಸದ್ದಿಲ್ಲದೆ ರದ್ದಾಯಿತು.

1946ರ ಜೂನ್ 10ರಂದು ಉತ್ತರ ಕೆರೊಲಿನಾದ ಹೆದ್ದಾರಿಯ ಹೋಟೆಲೊಂದರಲ್ಲಿ, ಹಿಂದುಗಡೆ ಹೋಗಿ ತಿನ್ನು ಅಂದರಂತೆ. ಸಿಟ್ಟಿನಿಂದ ಎದ್ದುಬಂದು ತನ್ನ ಲಿಂಕನ್ ಕಾರನ್ನು ಎಂದಿನ ವೇಗದಲ್ಲೇ ಓಡಿಸಿದ. ಫ್ರಾಂಕ್ಲಿಂಟನ್ ಬಳಿ ಕಾರು ಕಂಬಕ್ಕೆ ಬಡಿಯಿತು. ಅವನಿಗೆ 68. ಷಿಕಾಗೊದಲ್ಲಿ ಎಟ್ಟಾಳ ಪಕ್ಕದಲ್ಲೇ ಮಣ್ಣು ಮಾಡಿದರು.

ಒಂಬತ್ತು ದಿನ ಕಳೆದು, ಜೂನ್ 19ರಂದು, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲಿ ಜೋ ಲೂಯಿ ಮತ್ತು ಬಿಳಿಯ ಬಾಕ್ಸರ್ ಬಿಲ್ಲಿ ಕಾನ್ ಎದುರಾದರು. ಟೆಲಿವಿಷನ್ನಿನಲ್ಲಿ ತೋರಿಸಿದ ಮೊದಲ ವಿಶ್ವ ಹೆವಿವೇಟ್ ಪಟ್ಟದ ಪಂದ್ಯ ಅದು. ನ್ಯೂಯಾರ್ಕ್ ದಾಟಿ ರಾಜಧಾನಿ ವಾಷಿಂಗ್ಟನ್‌ವರೆಗೂ ಚಿತ್ರ ಹೋಯಿತು. ಎಂಟನೇ ಸುತ್ತಿನಲ್ಲಿ ಬಿಲ್ಲಿ ಕಾನ್ ಅಂಗಾತ ಬಿದ್ದದ್ದನ್ನು ಜನ ಬಾರುಗಳಲ್ಲಿ, ಮನೆಗಳಲ್ಲಿ ಕೂತು ನೋಡಿದರು.