ಶಾಸನ ಹೇಳಿದ್ದೆಲ್ಲ ಇತಿಹಾಸವೇ?

ಪ್ರಶ್ನೆ: ರಾಯಬಾಗದ ರಟ್ಟರ ಶಾಸನದಲ್ಲಿ ಇರುವುದನ್ನೆಲ್ಲ ಇತಿಹಾಸಕಾರರು ನಂಬುತ್ತಾರೆಯೇ?

ಉತ್ತರ: ಎಲ್ಲವನ್ನೂ ಅಲ್ಲ. ಆ ಶಾಸನ ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು, ಸುಮಾರು 1201ರದು. ರಟ್ಟ ಅರಸರಿಗೆ ‘ಲತ್ತಲೂರಪುರವರಾಧೀಶ್ವರ’, ಎಂದರೆ ರಾಷ್ಟ್ರಕೂಟರ ಮೂಲನೆಲೆಯೆನಿಸಿದ ಲತ್ತಲೂರಿನ ಒಡೆಯ, ಎಂಬ ಬಿರುದಿತ್ತು. ಅವರು ಆಳಿದ್ದು ಮಾತ್ರ ಸವದತ್ತಿ, ಬೆಳಗಾವಿಗಳಿಂದ ಕುಂಡಿ ಮೂರುಸಾವಿರ ನಾಡನ್ನು. ಹಾಗೆಂದು ಬಿರುದನ್ನು ತಳ್ಳಿಹಾಕುವಂತಿಲ್ಲ. ರಾಷ್ಟ್ರಕೂಟರ ಕುಲದವರೆನಿಸಿಕೊಳ್ಳುವ ಹಂಬಲ ಅದರಲ್ಲಿದೆ, ಅದೂ ಸಾಕ್ಷ್ಯವೇ. ನನಗಂತೂ ಇಂಥ ಶಾಸನಗಳ ಹೊಗಳಿಕೆಗಿಂತ ದಾನದ ಭಾಗವೇ ಹೆಚ್ಚು ರುಚಿ: ಹೊಲ, ಎಲ್ಲೆ, ಸುಂಕ. ಅಲ್ಲಿ ಸುಳ್ಳು ಕೆತ್ತಿಸಿದರೆ ಪಕ್ಕದ ಹೊಲದವನು ಸುಮ್ಮನಿರುತ್ತಾನೆಯೇ? ಇತಿಹಾಸಕಾರರು ಶಾಸನದ ಶಕವರ್ಷಕ್ಕೆ 78 ಕೂಡಿಸಿ ಕ್ರಿ.ಶ. ವರ್ಷ ತಿಳಿದು, ತಿಥಿ-ವಾರ ತಾಳೆಯಾಗುತ್ತವೆಯೇ ಎಂದೂ ನೋಡುತ್ತಾರೆ. ಆಮೇಲೆ ಕಲ್ಹೋಳಿಯ 1204ರ ರಟ್ಟ ಶಾಸನದಂಥವುಗಳೊಡನೆ ಹೋಲಿಕೆ. ಆದರೆ ಎಚ್ಚರ, ಎರಡೂ ಒಂದೇ ಆಸ್ಥಾನದ ಮಾತು. ರಟ್ಟರ ಎದುರಾಳಿಗಳಾದ ದೇವಗಿರಿಯ ಸೇವುಣರ ಶಾಸನಗಳನ್ನೂ ಓದಲೇಬೇಕು.