ಯಂತ್ರವಿದ್ದರೂ ದಾದಿಯೇಕೆ?

ತೀವ್ರ ನಿಗಾ ಘಟಕದಲ್ಲಿ ಅಷ್ಟೊಂದು ಯಂತ್ರಗಳಿದ್ದರೂ ಒಬ್ಬಿಬ್ಬರು ರೋಗಿಗಳಿಗೆ ಒಬ್ಬ ದಾದಿ ಏಕೆ ಬೇಕು? – ಓದುಗರೊಬ್ಬರು, ಮುನವಳ್ಳಿ

ಮಲಪ್ರಭೆಯ ದಂಡೆಯವರಾದ ತಮಗೆ ಹೊಲಕ್ಕೆ ನೀರು ಹಾಯಿಸುವ ಕಷ್ಟವನ್ನು ವಿವರಿಸಬೇಕಾಗಿಲ್ಲ: ಒಂದೇ ಹೊಲವನ್ನು ಕಾಯುವವನು, ಬದುವಿನಲ್ಲಿ ನೀರು ಜಿನುಗತೊಡಗಿದೊಡನೆ ಬುಟ್ಟಿ ಮಣ್ಣಿನಿಂದ ಅದನ್ನು ತಡೆಯಬಲ್ಲನು, ಐದು ಹೊಲಗಳ ನಡುವೆ ಓಡಾಡುವವನು ಬರುವಷ್ಟರಲ್ಲಿ ಬದುವೇ ಒಡೆದಿರುತ್ತದೆ. ವಿಷಮಾವಸ್ಥೆಯಲ್ಲಿರುವ ರೋಗಿಯ ದೇಹವೂ ಅಂತಹುದೇ. ರಕ್ತದೊತ್ತಡ ಮೆಲ್ಲನೆ ಕುಸಿಯುವುದು, ಉಸಿರಿನ ನಳಿಕೆಯಲ್ಲಿ ಕಫ ಕಟ್ಟುವುದು, ಮೂತ್ರದ ಪ್ರಮಾಣ ತಗ್ಗುವುದು, ಇವೆಲ್ಲ ಮೊದಲು ಅಲ್ಪ ಸೂಚನೆಗಳಾಗಿಯೇ ತೋರುತ್ತವೆ; ಗಮನಿಸದೆ ಬಿಟ್ಟರೆ ಒಂದು ಅಂಗದ ವೈಫಲ್ಯವು ಮತ್ತೊಂದನ್ನು ಸೆಳೆದುಕೊಳ್ಳುತ್ತದೆ. ಯಂತ್ರವು ಕೂಗಬಲ್ಲುದೇ ಹೊರತು ಕಫವನ್ನು ತೆಗೆಯಲಾರದು, ಮಗ್ಗುಲನ್ನು ಬದಲಿಸಲಾರದು.

ಈ ಘಟಕದ ಹುಟ್ಟೇ ಅಖಂಡವಾದ ಕಾವಲಿನಿಂದಾದುದು: 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಪಿಡುಗು ಹಬ್ಬಿದಾಗ, ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರ ಸಲಹೆಯಂತೆ ವೈದ್ಯವಿದ್ಯಾರ್ಥಿಗಳು ಹಗಲಿರುಳು ಸರದಿಯಲ್ಲಿ ಕುಳಿತು, ಚೀಲವನ್ನು ಕೈಯಿಂದ ಹಿಸುಕುತ್ತ ರೋಗಿಗಳಿಗೆ ಉಸಿರನ್ನಿತ್ತರು. ಯಂತ್ರ ಕೊಂಡ ಮಾತ್ರಕ್ಕೆ ಘಟಕವಾಯಿತೆಂಬ ಭ್ರಮೆ ಸಲ್ಲದು. ಯುರೋಪಿನ 9 ದೇಶಗಳ ಸಾಮಾನ್ಯ ಶಸ್ತ್ರಚಿಕಿತ್ಸಾ ವಾರ್ಡುಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ, ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಿದಂತೆಲ್ಲ, 30 ದಿನಗಳೊಳಗೆ ಮರಣಿಸುವ ಸಂಭವವು ನೂರಕ್ಕೆ 7ರಷ್ಟು ಏರಿತ್ತು.